ಮನೆಯ ಕೇರೆ ನಮ್ಮನ್ನು ಏನೆಂದುಕೊಂಡಿದೆ?

ಮಲೆನಾಡು ಮತ್ತು ಕರಾವಳಿಯ ತೋಟದ ಮನೆಗಳಲ್ಲಿ ‘ನಮ್ಮನೆ ಕೇರೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬೆಳಗಿನ ಬಿಸಿಲಿಗೆ ಬಚ್ಚಲಮನೆಯ ಹಿಂದಿನ ಕಲ್ಲುಕಟ್ಟಣೆಯ ಮೇಲೆ ಮೈಚಾಚಿ, ಬಿಸಿಲೇರಿದ ಮೇಲೆ ಸೌದೆ ಕೊಟ್ಟಿಗೆಯ ಸಂದಿಗೆ ಸರಿದು, ಹೊತ್ತು ಇಳಿಯುವಾಗ ಇನ್ನೊಂದು ಸಲ ಅಂಗಳದಂಚಿನಲ್ಲಿ ಹಾದುಹೋಗುವ ಆ ಹಾವಿನ ದಿನಚರಿ ಮನೆಯವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಬಟ್ಟೆ ಒಣಹಾಕಲು ಹೋದವರನ್ನು ಕಂಡರೂ ಅದು ಓಡುವುದಿಲ್ಲ. ನೆಂಟರು ಬಂದು ಇಣುಕಿದರೆ ಮಾತ್ರ ಸರ್ರನೆ ಮರೆಯಾಗುತ್ತದೆ. ಹಾಗಾಗಿ ಹಾವಿಗೆ ನಮ್ಮ ಗುರುತಿದೆ, ನಮ್ಮೊಂದಿಗೆ ಒಂದು ಬಗೆಯ ಸಲುಗೆ ಬೆಳೆದಿದೆ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಈ ಅನಿಸಿಕೆ ಪೂರ್ತಿ ಸುಳ್ಳಲ್ಲ. ಆದರೆ ನಾವು ಸ್ನೇಹವೆಂದು ಕರೆಯುವುದು ಹಾವಿನ ಕಡೆಯಿಂದ ನೋಡಿದರೆ ಬೇರೆಯೇ ಒಂದು ಸಂಗತಿ. ಅದು ಏನೆಂಬುದನ್ನು ಸರಿಯಾಗಿ ತಿಳಿಯದೆ ಹೋದರೆ ಕೇರೆಯ ವಿಷಯದಲ್ಲಿ ಹೆಚ್ಚೇನೂ ಕೆಡುವುದಿಲ್ಲ, ನಾಗರದ ವಿಷಯದಲ್ಲಿ ಜೀವಕ್ಕೇ ಸಂಚಕಾರ ಬರುತ್ತದೆ.

ಮೊದಲು ಹಾವಿಗೆ ನಾವು ಹೇಗೆ ತೋರುತ್ತೇವೆ ಎಂಬುದನ್ನು ನೋಡೋಣ. ಹಾವಿಗೆ ಹೊರಕಿವಿಯಿಲ್ಲ; ಒಳಕಿವಿಯಿದೆ, ಅದು ದವಡೆಯ ಎಲುಬಿಗೆ ತಾಗಿಕೊಂಡಿದೆ. ನೆಲಕ್ಕೆ ತಾಗಿದ ದವಡೆಯ ಮೂಲಕ ಹೆಜ್ಜೆಯ ಅದಿರಾಟ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ, ಗಾಳಿಯಲ್ಲಿ ಬರುವ ತಗ್ಗು ಸ್ಥಾಯಿಯ ಸದ್ದೂ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ವಾಸನೆಯ ಕೆಲಸದಲ್ಲಿ ದೊಡ್ಡ ಪಾಲು ನಾಲಿಗೆಯದು. ಸೀಳುನಾಲಿಗೆ ಹೊರಬಂದು ಗಾಳಿಯಲ್ಲಿನ, ನೆಲದ ಮೇಲಿನ ಕಣಗಳನ್ನು ಹೊತ್ತು ಒಳಹೋಗುತ್ತದೆ. ಬಾಯಿಯ ಅಂಗುಳಿನಲ್ಲಿರುವ ಜಾಕಬ್ಸನ್ ಅಂಗ ಅದನ್ನು ಓದುತ್ತದೆ. ನಾಲಿಗೆಯ ಎರಡು ತುದಿಗಳು ಎರಡು ಜಾಗದಿಂದ ಕಣಗಳನ್ನು ತರುವುದರಿಂದ ವಾಸನೆ ಎಡಕ್ಕೆ ಗಾಢವೋ ಬಲಕ್ಕೆ ಗಾಢವೋ ಎಂಬುದೂ ಅದಕ್ಕೆ ಗೊತ್ತಾಗುತ್ತದೆ; ಇಲಿ ಹೋದ ಜಾಡನ್ನು ಹಾವು ತಪ್ಪದೆ ಹಿಡಿಯುವುದು ಹೀಗೆ. ಕಣ್ಣಿನ ವಿಷಯದಲ್ಲಿ ಜಾತಿಯಿಂದ ಜಾತಿಗೆ ವ್ಯತ್ಯಾಸವಿದೆ. ಹಗಲು ಬೇಟೆಯಾಡುವ ಕೇರೆಯ ಕಣ್ಣು ದೊಡ್ಡದು, ನೋಟ ಚುರುಕು, ಅದರಲ್ಲೂ ಚಲನೆಯನ್ನು ಅದು ಬಹುಬೇಗ ಗುರುತಿಸುತ್ತದೆ.

ಇಷ್ಟು ಇಂದ್ರಿಯಗಳಿಂದ ಹಾವು ನಮ್ಮ ಬಗ್ಗೆ ತಿಳಿದುಕೊಳ್ಳಬೇಕಾದದ್ದು ಮುಖ್ಯವಾಗಿ ಎರಡೇ: ಇದು ನನ್ನನ್ನು ತಿನ್ನುತ್ತದೆಯೇ, ಇದನ್ನು ನಾನು ತಿನ್ನಬಹುದೇ. ಎರಡನೆಯದಕ್ಕೆ ಉತ್ತರ ನಮ್ಮ ಗಾತ್ರದಿಂದಲೇ ಸಿಗುತ್ತದೆ. ಮೊದಲನೆಯದಕ್ಕೆ ಹಾವು ಅನುಭವದಿಂದ ಉತ್ತರ ಕಂಡುಕೊಳ್ಳುತ್ತದೆ. ಒಂದೇ ಎತ್ತರದ, ಒಂದೇ ನಡಿಗೆಯ ಆಕೃತಿ ದಿನವೂ ಅದೇ ಹಾದಿಯಲ್ಲಿ ಬಂದು, ಹತ್ತಿರ ಬಾರದೆ, ಕಲ್ಲೆಸೆಯದೆ ಹೋಗುತ್ತಿದ್ದರೆ ಅದಕ್ಕೆ ಹೆದರಿ ಓಡುವುದು ಶಕ್ತಿಯ ಅಪವ್ಯಯ. ಅಪಾಯವಿಲ್ಲದ ಸಂಗತಿಗೆ ಪ್ರತಿಕ್ರಿಯಿಸುವುದನ್ನು ಕ್ರಮೇಣ ನಿಲ್ಲಿಸುವ ಈ ಗುಣವನ್ನು ಒಗ್ಗಿಕೊಳ್ಳುವಿಕೆ ಎನ್ನಬಹುದು. ಬಹುತೇಕ ಎಲ್ಲ ಪ್ರಾಣಿಗಳಲ್ಲೂ ಇದು ಇದೆ. ನೆಂಟರನ್ನು ಕಂಡು ಕೇರೆ ಓಡುವುದಕ್ಕೂ ಇದೇ ಕಾರಣ. ನೆಂಟರು ತಟ್ಟನೆ ನಿಲ್ಲುತ್ತಾರೆ, ಕೈಚಾಚಿ ತೋರಿಸುತ್ತಾರೆ, ಮೊಬೈಲ್ ಹಿಡಿದು ಎರಡು ಹೆಜ್ಜೆ ಮುಂದೆ ಬರುತ್ತಾರೆ. ಹಾವಿಗೆ ಅಪರಿಚಿತವಾದದ್ದು ಅವರ ಮುಖವಲ್ಲ, ಆ ನಡೆ. ಮನೆಯವರೇ ಹಾಗೆ ನಡೆದುಕೊಂಡರೂ ಅದು ಓಡುತ್ತದೆ. ನಾಯಿಗೋ ಹಸುವಿಗೋ ಇರುವ ಹಚ್ಚಿಕೊಳ್ಳುವ ಗುಣವನ್ನು ಹಾವಿನಲ್ಲಿ ಹುಡುಕುವುದು ವ್ಯರ್ಥ. ಅದು ನಮಗೆ ಕೊಡುವುದು ಉಪೇಕ್ಷೆಯನ್ನು ಮಾತ್ರ. ಕಾಡುಪ್ರಾಣಿಯೊಂದು ಮನುಷ್ಯನನ್ನು ಉಪೇಕ್ಷಿಸುವುದೆಂದರೆ ಅದೇನೂ ಸಣ್ಣ ಮಾತಲ್ಲ ಎಂಬುದು ನನ್ನ ಅಭಿಪ್ರಾಯ.

ಹಾವು ಮನೆಯ ಸುತ್ತಲೇ ಏಕಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಮನೆಯ ಕಟ್ಟಡದಲ್ಲೇ ಇದೆ. ಅಡಕೆ ತೋಟದ ಮನೆಯನ್ನು ಹಾವಿನ ಕಣ್ಣಿನಿಂದ ನೋಡಿದರೆ ಅದು ಕಾಡಿಗಿಂತ ಅನುಕೂಲವಾದ ತಾಣ. ಭತ್ತದ ಕಣಜ ಮತ್ತು ದನಕ್ಕೆ ತಂದಿಟ್ಟ ಹಿಂಡಿ, ಬೂಸಾ ಇಲಿಗಳನ್ನು ಕರೆಯುತ್ತವೆ. ಬಚ್ಚಲಿನ ನೀರು ಹರಿಯುವಲ್ಲಿ ಕಪ್ಪೆಗಳಿರುತ್ತವೆ. ಮಳೆಗಾಲಕ್ಕೆಂದು ಒಟ್ಟಿದ ಸೌದೆ, ಕೊಟ್ಟಿಗೆಗೆ ಹಾಸಲು ತಂದ ದರಕು (ಒಣಗಿದ ಎಲೆ), ಗಾರೆಯಿಲ್ಲದೆ ಜೋಡಿಸಿದ ಕಲ್ಲುಕಟ್ಟಣೆಯ ಸಂದುಗಳು, ಇವೆಲ್ಲ ಹಗಲು ಅಡಗಲೂ ರಾತ್ರಿ ಮಲಗಲೂ ಹೇಳಿ ಮಾಡಿಸಿದ ಜಾಗಗಳು. ಹೊರಗಿನ ಶಾಖದಿಂದಲೇ ಮೈ ಕಾಯಿಸಿಕೊಳ್ಳಬೇಕಾದ ಹಾವಿಗೆ ಬಚ್ಚಲೊಲೆಯ ಹಿಂಗೋಡೆಯೂ ಗೊಬ್ಬರದ ಗುಂಡಿಯೂ ಮಳೆಗಾಲದಲ್ಲಿ ಬಿಸಿಲಿನ ಬದಲಿಗೆ ಒದಗುತ್ತವೆ. ಹೀಗಾಗಿ ಹಾವು ಮನೆಗೆ ಬಂತು ಎಂದು ದೂರುವುದಕ್ಕಿಂತ, ಹಾವಿಗೆ ಬೇಕಾದದ್ದನ್ನೆಲ್ಲ ನಾವೇ ಮನೆಯ ಸುತ್ತ ಕೂಡಿಟ್ಟಿದ್ದೇವೆ ಎಂದುಕೊಳ್ಳುವುದು ಸತ್ಯಕ್ಕೆ ಹತ್ತಿರ.

ಕೇರೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ನಾಗರವೆಂದು ತಿಳಿದು ಜನ ಹೆಚ್ಚಾಗಿ ಹೊಡೆದು ಕೊಲ್ಲುವುದು ಇದನ್ನೇ. ಐದಾರು ಅಡಿ ಉದ್ದ ಸಾಮಾನ್ಯ, ಎಂಟು ಅಡಿಯದೂ ಕಾಣಸಿಗುತ್ತದೆ. ಬಣ್ಣವನ್ನು ನಂಬಿ ಗುರುತಿಸುವಂತಿಲ್ಲ. ಅರಿಸಿನ ಮಿಶ್ರಿತ ಕಂದು, ಮಾಸಲು ಹಸಿರು, ಹೆಚ್ಚುಕಡಿಮೆ ಕಪ್ಪು, ಎಲ್ಲವೂ ಉಂಟು. ನೋಡಬೇಕಾದದ್ದು ತಲೆಯನ್ನು. ಕೇರೆಯ ತಲೆ ನೀಳವಾಗಿದ್ದು ಕುತ್ತಿಗೆ ತೆಳುವಾಗಿ ಬೇರೆಯೇ ಕಾಣುತ್ತದೆ, ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಶಾಯಿಯಲ್ಲಿ ಎಳೆದಂಥ ನಿಲುಗೆರೆಗಳಿವೆ. ಬಾಲದ ಕಡೆಗೆ ಅಡ್ಡಪಟ್ಟೆಗಳು ಗಾಢವಾಗುತ್ತವೆ. ನಾಗರದ ತಲೆ ಅಗಲವಾಗಿ, ಕುತ್ತಿಗೆಗೆ ಹೊಂದಿಕೊಂಡಂತಿದ್ದು, ಹೆಡೆಯೆತ್ತದಿದ್ದಾಗ ಎಲ್ಲಿ ತಲೆ ಮುಗಿದು ಎಲ್ಲಿ ಕುತ್ತಿಗೆ ಶುರುವಾಯಿತೆಂಬುದು ಸುಲಭಕ್ಕೆ ಗೊತ್ತಾಗುವುದಿಲ್ಲ. ಮೂಲೆಗೆ ಸಿಕ್ಕಿಬಿದ್ದ ಕೇರೆ ಗಂಟಲನ್ನು ಉಬ್ಬಿಸಿ, ಮುಂಭಾಗವನ್ನು ಮೇಲೆತ್ತಿ, ಗುರುಗುಟ್ಟಿದಂಥ ಸದ್ದು ಮಾಡುವುದರಿಂದ ಗಾಬರಿಯಾದವರಿಗೆ ಅದೇ ಹೆಡೆಯಾಗಿ ತೋರುವುದುಂಟು. ಹಿಡಿಯಲು ಹೋದರೆ ಅದು ಕಚ್ಚುತ್ತದೆ, ರಕ್ತವೂ ಬರುತ್ತದೆ, ವಿಷವಿಲ್ಲ.

ಕೇರೆಯ ಸುತ್ತ ಹೆಣೆದಿರುವ ಕಥೆಗಳಲ್ಲಿ ಎರಡನ್ನು ಬಿಡಿಸಿ ನೋಡಬಹುದು. ಕೊಟ್ಟಿಗೆಯಲ್ಲಿ ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಅದು ಹಾಲು ಹೀರುತ್ತದೆ ಎಂಬುದು ಒಂದು. ಹೀರುವುದಕ್ಕೆ ಬೇಕಾದ ತುಟಿ, ಕೆನ್ನೆಗಳ ರಚನೆ ಹಾವಿಗೆ ಇಲ್ಲ, ಹಲ್ಲುಗಳೋ ಒಳಮುಖವಾಗಿ ಬಾಗಿದ ಮುಳ್ಳುಗಳು. ಕೆಚ್ಚಲಿಗೆ ಅವು ನಾಟಿದರೆ ಹಸು ಸುಮ್ಮನೆ ನಿಂತೀತೇ? ಕೇರೆ ಕೊಟ್ಟಿಗೆಗೆ ಬರುವುದು ಹಿಂಡಿ ತಿನ್ನಲು ಬರುವ ಇಲಿಗಾಗಿ. ಇನ್ನೊಂದು, ಕೇರೆ ಮತ್ತು ನಾಗರ ಜೊತೆಗೂಡುತ್ತವೆ ಎಂಬ ನಂಬಿಕೆ. ಎರಡು ಉದ್ದನೆಯ ಹಾವುಗಳು ಹುರಿಹಗ್ಗದಂತೆ ಹೆಣೆದುಕೊಂಡು, ಮೇಲೆದ್ದು ನಿಂತು ತೂಗಾಡುವ ದೃಶ್ಯವನ್ನು ಗದ್ದೆಬಯಲಿನಲ್ಲಿ ಕಂಡವರು ಹಾಗೆಂದು ನಂಬಿರುತ್ತಾರೆ. ಅಲ್ಲಿ ನಡೆಯುತ್ತಿರುವುದು ಎರಡು ಗಂಡು ಕೇರೆಗಳ ಕುಸ್ತಿ. ಒಂದನ್ನೊಂದು ನೆಲಕ್ಕೆ ಒತ್ತುವುದೇ ಪಂದ್ಯ, ಕಚ್ಚಾಟವಿಲ್ಲ, ಸೋತದ್ದು ಜಾಗ ಬಿಡುತ್ತದೆ. ಈ ಹೊತ್ತಿನಲ್ಲಿ ಅವು ಸುತ್ತ ನೆರೆದ ಜನರನ್ನೂ ಲೆಕ್ಕಿಸುವುದಿಲ್ಲ.

ಒಂದು ಕೇರೆ ಮನೆಯ ಸುತ್ತ ಇದ್ದರೆ ಆಗುವ ಲಾಭ ಅಂಗಳದಲ್ಲಿ ಕಾಣುವುದಕ್ಕಿಂತ ದೊಡ್ಡದು. ಹೆಣ್ಣಿಲಿ ಗಬ್ಬವಾಗಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೆಂಟು ಮರಿ. ಬೆಕ್ಕು ನುಗ್ಗಲಾರದ ಬಿಲದೊಳಕ್ಕೆ ಹೋಗಿ ಗೂಡಿನ ಮರಿಗಳನ್ನೇ ನುಂಗಿ ಬರುವುದು ಹಾವಿಗೆ ಸಾಧ್ಯ. ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳಲ್ಲಿ ಕಾಣಿಸಿಕೊಳ್ಳುವ ಇಲಿಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ರೋಗವೆಂಬುದನ್ನು ನೆನೆದರೆ ಈ ಲೆಕ್ಕ ಇನ್ನಷ್ಟು ಬೆಳೆಯುತ್ತದೆ. ಇಲಿಪಾಷಾಣ ಇಟ್ಟ ಮನೆಯಲ್ಲಿ ವಿಷ ತಿಂದ ಇಲಿಯನ್ನು ನುಂಗಿ ಹಾವೂ ಸಾಯುವ ಅಪಾಯವಿದೆ. ಕೋಳಿಗೂಡಿಗೋ ತರಕಾರಿ ಮಡಿಗೋ ಕಟ್ಟಿದ ನೈಲಾನ್ ಬಲೆ ಇನ್ನೊಂದು ಮೃತ್ಯು. ತಲೆ ನುಗ್ಗಿದ ಮೇಲೆ ಹುರುಪೆಗಳು ದಾರಕ್ಕೆ ಸಿಕ್ಕಿ ಹಾವು ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಒದ್ದಾಡಿ ಸಾಯುತ್ತದೆ. ಬಲೆಯನ್ನು ನೆಲದಿಂದ ಒಂದು ಗೇಣು ಮೇಲೆತ್ತಿ ಕಟ್ಟಿದರೆ ಈ ಸಾವು ಬಹುಮಟ್ಟಿಗೆ ತಪ್ಪುತ್ತದೆ.

ಕೇರೆಯ ಜೊತೆಗೆ ಮನೆಯ ಸುತ್ತ ಇನ್ನೂ ಕೆಲವು ನಿರುಪದ್ರವಿಗಳು ಇರುತ್ತವೆ. ಹೂಕುಂಡದ ಮಣ್ಣಿನಲ್ಲಿ ಎರೆಹುಳದಂತೆ ಹೊರಳುವ ಹುಳುಹಾವು ಇರುವೆ, ಗೆದ್ದಲುಗಳ ಮೊಟ್ಟೆ ಮರಿಗಳನ್ನು ತಿಂದು ಬದುಕುತ್ತದೆ. ಈ ಜಾತಿಯಲ್ಲಿ ಗಂಡೇ ಇಲ್ಲ, ಹೆಣ್ಣು ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತದೆ. ಕರಿಬೇವಿನ ಗಿಡದಲ್ಲಿ ಕಡ್ಡಿಯಂತೆ ನಿಂತಿರುವ ಹಸಿರು ಹಾವಿಗೆ ಕಣ್ಣು ಕುಕ್ಕುವ ಹಾವು ಎಂಬ ಅಪಖ್ಯಾತಿಯಿದೆ. ಅದರ ಸೌಮ್ಯ ವಿಷ ಹಲ್ಲಿ, ಓತಿಕ್ಯಾತಗಳಿಗೆ ಸಾಕು, ಮನುಷ್ಯನಿಗೆ ಪ್ರಾಣಾಪಾಯವಿಲ್ಲ, ಕಣ್ಣನ್ನೇ ಹುಡುಕಿ ಕುಕ್ಕುವ ಹಟವಂತೂ ಅದಕ್ಕಿಲ್ಲ. ಕೆರೆ, ತೋಡುಗಳ ನೀರೊಳ್ಳೆ ಹಾವು ಮಾತ್ರ ಸಿಡುಕಿನದು. ವಿಷವಿಲ್ಲದಿದ್ದರೂ ಮುಟ್ಟಿದರೆ ಬಿಡದೆ ಕಚ್ಚುತ್ತದೆ.

ತೋಳದ ಹಾವಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗೋಡೆಯ ಹಲ್ಲಿಗಳನ್ನು ಹುಡುಕಿಕೊಂಡು ರಾತ್ರಿ ಮನೆಯೊಳಗೇ ಬರುವ, ಕಂದು ಮೈಮೇಲೆ ಬಿಳಿ ಪಟ್ಟೆಗಳಿರುವ ಈ ಸಣ್ಣ ಹಾವಿಗೆ ವಿಷವಿಲ್ಲ. ಆದರೆ ಇದನ್ನೇ ಹೋಲುವ ಕಟ್ಟುಹಾವು ನಮ್ಮ ನೆಲದ ಅತ್ಯಂತ ವಿಷಕಾರಿ ಹಾವುಗಳಲ್ಲಿ ಒಂದು. ತೋಳದ ಹಾವಿನ ಪಟ್ಟೆಗಳು ಕುತ್ತಿಗೆಯ ಬಳಿಯೇ ಎದ್ದು ಕಾಣುತ್ತಿದ್ದು ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿನ ಜೋಡಿಗೆರೆಗಳು ಸಾಮಾನ್ಯವಾಗಿ ತಲೆಯಿಂದ ತುಸು ದೂರದಲ್ಲಿ ಆರಂಭವಾಗಿ ಬಾಲದವರೆಗೂ ಸ್ಪಷ್ಟವಾಗಿರುತ್ತವೆ, ಬೆನ್ನ ನಡುವಿನ ಹುರುಪೆಗಳು ಉಳಿದವಕ್ಕಿಂತ ದೊಡ್ಡವಾಗಿ ಷಟ್ಕೋನಾಕಾರದಲ್ಲಿರುತ್ತವೆ. ಇದನ್ನು ಪುಸ್ತಕದಲ್ಲಿ ಓದುವುದು ಸುಲಭ, ರಾತ್ರಿ ಟಾರ್ಚಿನ ಬೆಳಕಿನಲ್ಲಿ ನಿರ್ಧರಿಸುವುದು ಕಷ್ಟ. ಹಾಗಾಗಿ ಮನೆಯೊಳಗೆ ರಾತ್ರಿ ಕಂಡ ಪಟ್ಟೆಯ ಹಾವನ್ನು ಕಟ್ಟುಹಾವೆಂದೇ ಭಾವಿಸಿ ದೂರವಿರುವುದು ಸರಿ.

ಉಪೇಕ್ಷೆಯ ಆಧಾರದ ಮೇಲೆ ನಿಂತ ಈ ನೆರೆಹೊರೆಗೆ ಇರುವ ಮಿತಿ ಇಲ್ಲಿ ತಿಳಿಯುತ್ತದೆ. ಹಾವು ನಮ್ಮನ್ನು, ನಾವು ಹಾವನ್ನು ದೂರದಿಂದಲೇ ಕಂಡಾಗ ಮಾತ್ರ ಉಪೇಕ್ಷೆ ಸಾಧ್ಯ. ಎದುರೆದುರಾದರೆ ನಾಗರ ಹೆಡೆಯೆತ್ತುತ್ತದೆ, ಕೊಳಕುಮಂಡಲ ಕುಕ್ಕರಿನ ಸೀಟಿಯಷ್ಟು ಜೋರಾಗಿ ಬುಸುಗುಟ್ಟುತ್ತದೆ, ಬಯಲುಸೀಮೆಯ ಗರಗಸ ಮಂಡಲ ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದೆಬ್ಬಿಸುತ್ತದೆ. ಇವೆಲ್ಲವೂ ಕಚ್ಚದೆ ಮುಗಿಸುವ ಉಪಾಯಗಳು. ವಿಷ ತಯಾರಿಸಲು ದೇಹಕ್ಕೆ ಖರ್ಚಿದೆ, ನುಂಗಲಾಗದ ಪ್ರಾಣಿಯ ಮೇಲೆ ಅದನ್ನು ವ್ಯಯಿಸಲು ಹಾವಿಗೆ ಮನಸ್ಸಿಲ್ಲ. ದರಕಿನ ಮೇಲೆ ಬಣ್ಣ ಕಲೆತು ಮಲಗಿದ ಮಂಡಲದ ಮೇಲೆ ಕಾಲಿಟ್ಟಾಗ, ಸೌದೆ ರಾಶಿಯೊಳಗೆ ನೋಡದೆ ಕೈಹಾಕಿದಾಗ ಈ ಎಚ್ಚರಿಕೆಗೆ ಅವಕಾಶವೇ ಇರುವುದಿಲ್ಲ. ಕಟ್ಟುಹಾವಿನದು ಇನ್ನೂ ವಿಚಿತ್ರ ಸ್ಥಿತಿ: ಹಗಲು ಬಹಳ ಸಾಧು, ರಾತ್ರಿ ಚುರುಕು, ನೆಲದ ಮೇಲೆ ಮಲಗಿದವರ ಹಾಸಿಗೆಗೂ ಬರುತ್ತದೆ, ಮಗ್ಗುಲು ಬದಲಿಸುವಾಗ ಮೈಯಡಿ ಸಿಕ್ಕರೆ ಕಚ್ಚುತ್ತದೆ. ಕಚ್ಚಿದ ನೋವೂ ಅಷ್ಟಾಗಿ ಇರುವುದಿಲ್ಲವಾದ್ದರಿಂದ ಬೆಳಗಿನ ಜಾವ ರೆಪ್ಪೆ ಮುಚ್ಚಿಕೊಳ್ಳತೊಡಗಿ, ಹೊಟ್ಟೆನೋವು ಬಂದು, ಉಸಿರು ಕಟ್ಟುವಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಮಂಚ, ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ ಸೊಳ್ಳೆಪರದೆ, ರಾತ್ರಿ ಅಂಗಳಕ್ಕಿಳಿಯುವಾಗ ಟಾರ್ಚು ಮತ್ತು ಕಾಲಿಗೆ ಮೆಟ್ಟು, ಇಷ್ಟೇ ಪರಿಹಾರ. ಫಿನಾಯಿಲ್, ಬೆಳ್ಳುಳ್ಳಿ, ಅಂಗಡಿಯ ಹಾವು ಓಡಿಸುವ ಪುಡಿಗಳನ್ನು ನಂಬಿ ಟಾರ್ಚು ಬಿಡಬಾರದು.

ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಮತ್ತು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ್ದು. ಹಾವಿನ ಬಗ್ಗೆ ಪ್ರೀತಿಯಿಂದ ಬರೆಯುವವರು ಈ ಅಂಕಿಯನ್ನು ಬದಿಗಿಡುವುದು ನನಗೆ ಸರಿಕಾಣುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿದ ಮೇಲೆ ಆಸ್ಪತ್ರೆಗಳ ಲೆಕ್ಕ ಒಂದೆಡೆ ಸೇರುತ್ತಿದೆ. ಕಚ್ಚಿದರೆ ಮಾಡಬೇಕಾದದ್ದು ಸ್ವಲ್ಪವೇ: ಉಂಗುರ, ಬಳೆ, ಗಡಿಯಾರ ಕಳಚಬೇಕು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಟ್ಟು ಹೀರುವುದು, ನಾಟಿ ಔಷಧಿಯವರ ಮನೆ ಬಾಗಿಲಲ್ಲಿ ಕಾಯುವುದು, ಇವೆಲ್ಲ ಪ್ರಾಣ ಕಳೆಯುವ ದಾರಿಗಳು. ಹಾವನ್ನು ಕೊಂದು ಒಯ್ಯಬೇಕಾಗಿಯೂ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿ ಕೊಡುವುದು ಒಂದೇ ವಿಷಪ್ರತಿರೋಧಕ ಚುಚ್ಚುಮದ್ದು.

ಪಶ್ಚಿಮಘಟ್ಟದ ಮನೆಗಳಿಗೆ ಇನ್ನೊಬ್ಬ ಅತಿಥಿಯುಂಟು. ಕಾಳಿಂಗ ಸರ್ಪದ ಮುಖ್ಯ ಆಹಾರ ಬೇರೆ ಹಾವುಗಳು, ಅದರಲ್ಲೂ ಕೇರೆ. ಕೇರೆಯ ವಾಸನೆಯ ಜಾಡು ಹಿಡಿದು ಅದು ತೋಟ ದಾಟಿ, ಅಂಗಳ ದಾಟಿ, ಕೆಲವೊಮ್ಮೆ ಸ್ನಾನದ ಮನೆಯವರೆಗೂ ಬರುತ್ತದೆ. ಆಗುಂಬೆಯಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಕಾಳಿಂಗಗಳ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಅವುಗಳ ಓಡಾಟವನ್ನು ಬೆನ್ನಟ್ಟಿದ್ದರಿಂದ, ಅವು ಕಾಡಿನಲ್ಲಿ ಮಾತ್ರವಲ್ಲದೆ ತೋಟ, ಗದ್ದೆ, ಮನೆಗಳ ನಡುವೆಯೂ ಸಲೀಸಾಗಿ ಸುತ್ತುತ್ತವೆ ಎಂಬುದು ತಿಳಿದಿದೆ. ಪಶ್ಚಿಮಘಟ್ಟದ ಕಾಳಿಂಗ ಉಳಿದವಕ್ಕಿಂತ ಬೇರೆ ಪ್ರಭೇದವೆಂದು ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿಕೊಟ್ಟು ಅದಕ್ಕೆ ಓಫಿಯೋಫಾಗಸ್ ಕಾಳಿಂಗ ಎಂದು ಹೆಸರಿಟ್ಟರು. ಶಾಸ್ತ್ರೀಯ ಹೆಸರಿನಲ್ಲೂ ನಮ್ಮ ಮಾತೇ ಉಳಿಯಿತು. ಹನ್ನೆರಡು ಅಡಿಯ ಹಾವು ಹಿತ್ತಿಲಲ್ಲಿ ಕಂಡರೆ ಎದೆ ಝಲ್ಲೆನ್ನುವುದು ನಿಜ. ಆದರೂ ಮಲೆನಾಡಿನ ಹಲವು ಮನೆಗಳಲ್ಲಿ ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕರೆದು, ಬಾಗಿಲು ಹಾಕಿಕೊಂಡು ಅದು ಹೋಗುವವರೆಗೆ ಕಾಯುವ ರೂಢಿಯಿದೆ. ಕೇರೆ ಸಿಕ್ಕರೆ ನುಂಗಿಯೋ, ಸಿಗದಿದ್ದರೆ ಜಾಡು ಬಿಟ್ಟೋ ಅದು ಹೊರಟುಹೋಗುತ್ತದೆ.

ಕಾಯಲಾರದವರು ಹಾವು ಹಿಡಿಯುವವರನ್ನು ಕರೆಸಿ ದೂರದ ಕಾಡಿಗೆ ಬಿಡಿಸುತ್ತಾರೆ. ಮಲಗುವ ಕೋಣೆಯಲ್ಲಿ ನಾಗರ ಹೊಕ್ಕಾಗ ಬೇರೆ ದಾರಿಯಿಲ್ಲ. ಅಂಗಳದಲ್ಲಿ ಕಂಡದ್ದಕ್ಕೆಲ್ಲ ಹೀಗೆ ಮಾಡುವುದು ಮಾತ್ರ ಉಪಕಾರವಲ್ಲ. ಹಾವಿಗೆ ತನ್ನ ಪ್ರದೇಶದ ಬಿಲ, ನೀರು, ಬಿಸಿಲಿನ ಜಾಗ ಎಲ್ಲ ಗೊತ್ತಿರುತ್ತದೆ; ಗೊತ್ತಿಲ್ಲದ ಜಾಗಕ್ಕೆ ಒಯ್ದು ಬಿಟ್ಟರೆ ಅದು ನೆಲೆಗಾಣದೆ ಅಲೆಯುತ್ತದೆ. ಆಗುಂಬೆಯ ಅಧ್ಯಯನದಲ್ಲಿ ಹಾಗೆ ದೂರ ಬಿಟ್ಟ ಕಾಳಿಂಗವೊಂದು ಅಲ್ಲಿಯದೇ ಆದ ಹಾವಿಗಿಂತ ಬಹಳ ಹೆಚ್ಚು ದೂರ ಅಲೆದದ್ದು ದಾಖಲಾಗಿದೆ. ಇತ್ತ ಮನೆಯಲ್ಲಿ, ಇಲಿಗಳು ಇದ್ದಲ್ಲೇ ಇರುವುದರಿಂದ, ತೆರವಾದ ಜಾಗಕ್ಕೆ ಇನ್ನೊಂದು ಹಾವು ಬರಬಹುದು, ನಮ್ಮ ನಡೆನುಡಿಗೆ ಒಗ್ಗದ ಹೊಸ ಹಾವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇರೆ, ನಾಗರಗಳನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿದು ಇಟ್ಟುಕೊಳ್ಳುವುದೂ ಅಪರಾಧ.

ತುಳುನಾಡಿನ ನಾಗಬನಗಳು ಈ ವಿಷಯದಲ್ಲಿ ನಮ್ಮ ಹಿರಿಯರ ಲೆಕ್ಕಾಚಾರವನ್ನು ತೋರಿಸುತ್ತವೆ. ಮನೆಗೆ ಸಮೀಪದಲ್ಲೇ, ಆದರೆ ಮನೆಯಿಂದ ಬೇರೆಯಾಗಿ, ಕೊಡಲಿ ಹಾಕದ ಮರಗಳ ಒಂದು ತುಂಡು ಜಾಗವನ್ನು ಹಾವಿಗೆ ಬಿಟ್ಟು, ಅಲ್ಲಿಗೆ ಗೊತ್ತಾದ ದಿನ ಮಾತ್ರ ಹೋಗುವ ಕ್ರಮ ಅದು. ಇತ್ತೀಚೆಗೆ ಹಲವೆಡೆ ಮರ ಬಳ್ಳಿಗಳನ್ನು ಸವರಿ, ನೆಲಕ್ಕೆ ಗ್ರಾನೈಟ್ ಹಾಸಿ, ಸುತ್ತ ಕಾಂಕ್ರೀಟ್ ಕಟ್ಟೆ ಎಬ್ಬಿಸಿದ್ದಾರೆ; ಕಲ್ಲಿನ ನಾಗನಿಗೆ ಅದು ಸಾಕು, ಜೀವಂತ ನಾಗನಿಗೆ ಅಲ್ಲಿ ಅಡಗಲು ಎಡೆಯಿಲ್ಲ. ಹಾವಿಗೆ ಹಾಲೂ ಬೇಕಿಲ್ಲ. ಅದು ಹಾಲು ಕುಡಿಯುವ ಪ್ರಾಣಿಯಲ್ಲ. ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿಟ್ಟ ಹಾವಾಡಿಗರ ಹಾವು ಬಾಯಾರಿಕೆಗೆ ಸಿಕ್ಕಿದ್ದನ್ನು ಕುಡಿಯುತ್ತದೆ, ಆಮೇಲೆ ಅದರಿಂದಲೇ ನರಳುತ್ತದೆ.

ಮನೆಯ ಸುತ್ತ ಯಾವ ಹಾವಿದೆ ಎಂದು ಹಾವನ್ನು ಕಾಣದೆಯೂ ತಿಳಿಯಲು ಪೊರೆ ನೆರವಾಗುತ್ತದೆ. ಪೊರೆ ಬಿಡುವ ಮುನ್ನ ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿ ಕಣ್ಣು ಮಬ್ಬುನೀಲಿಯಾಗುತ್ತದೆ. ಆಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ದಿನವೂ ಸುಮ್ಮನಿದ್ದ ಕೇರೆಯೂ ಆ ದಿನಗಳಲ್ಲಿ ಸಿಡಿಮಿಡಿಗೊಳ್ಳುತ್ತದೆ. ಆಮೇಲೆ ಮೂತಿಯನ್ನು ಕಲ್ಲಿಗೆ ತಿಕ್ಕಿ, ತುಟಿಯಂಚಿನಿಂದ ಸುಲಿದುಕೊಂಡು ಒಳಮೈ ಹೊರಗಾದಂಥ ಪೊರೆಯನ್ನು ಬಿಟ್ಟುಹೋಗುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಕಣ್ಣಿನ ಮೇಲಿನ ಪಾರದರ್ಶಕ ಬಿಲ್ಲೆಗಳು, ಹೊಟ್ಟೆಯ ಅಗಲ ಹುರುಪೆಗಳು ಎಲ್ಲ ಅಚ್ಚುಹಾಕಿದಂತಿರುತ್ತವೆ. ಕೊಳಕುಮಂಡಲದ ಪೊರೆಯಲ್ಲಿ ಬೆನ್ನಿನ ಹುರುಪೆಗಳ ನಡುವೆ ಎದ್ದುಕಾಣುವ ಏಣು ಇರುತ್ತದೆ, ತಲೆಯ ಮೇಲೂ ಸಣ್ಣ ಹುರುಪೆಗಳೇ ಇರುತ್ತವೆ. ನಾಗರ, ಕೇರೆಗಳ ತಲೆಯ ಮೇಲೆ ದೊಡ್ಡ ಫಲಕಗಳು. ಪೊರೆ ಹಿಗ್ಗುವುದರಿಂದ ಅದರ ಉದ್ದವನ್ನು ಅಳೆದು ಹಾವಿನ ಉದ್ದ ಹೇಳಿದರೆ ಯಾವಾಗಲೂ ಹೆಚ್ಚೇ ಆಗುತ್ತದೆ. ಊರಿನಲ್ಲಿ ಕೇಳಿಬರುವ ಹತ್ತಡಿಯ ನಾಗರಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ಬೇಸಿಗೆಯ ಕೊನೆಯಲ್ಲಿ ಗೊಬ್ಬರದ ಗುಂಡಿಯನ್ನೋ ದರಕಿನ ರಾಶಿಯನ್ನೋ ಎಳೆಯುವಾಗ ಚರ್ಮದಂಥ ಮೆತ್ತನೆ ಸಿಪ್ಪೆಯ, ಒಂದಕ್ಕೊಂದು ಅಂಟಿಕೊಂಡ ಬಿಳಿ ಮೊಟ್ಟೆಗಳು ಸಿಗುವುದುಂಟು. ಹತ್ತು ಹನ್ನೆರಡಿದ್ದರೆ ಕೇರೆಯದಿರಬಹುದು, ನಾಗರದ್ದೂ ಇರಬಹುದು. ನೋಡಿ ಹೇಳುವುದು ಕಷ್ಟ. ನಾಗರದ್ದಾದರೆ ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ, ಆದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ಮೊಟ್ಟೆಗಳನ್ನು ಹೊರಳಿಸಿದರೆ ಒಳಗಿನ ಭ್ರೂಣ ಸಾಯುವ ಸಾಧ್ಯತೆಯಿರುವುದರಿಂದ ಕೈಯಿಂದ ಎತ್ತದೆ, ಉದ್ದ ಹಿಡಿಯ ಕತ್ತಿಯಲ್ಲೋ ಕೋಲಿನಲ್ಲೋ ಅದೇ ಸೊಪ್ಪನ್ನು ಮೇಲೆ ಎಳೆದು, ಮಕ್ಕಳು ಅತ್ತ ಸುಳಿಯದಂತೆ ನಾಲ್ಕು ಗೂಟ ನೆಟ್ಟು ಬಿಟ್ಟರೆ ಸುಮಾರು ಎರಡು ತಿಂಗಳಿಗೆ ಮರಿಗಳಾಗುತ್ತವೆ. ನಾಗರದ ಮರಿಗೆ ಹುಟ್ಟುವಾಗಲೇ ವಿಷವಿರುತ್ತದೆ, ಹೆಡೆಯನ್ನೂ ಎತ್ತುತ್ತದೆ. ಮರಿಗಳು ಒಂದೆಡೆ ನಿಲ್ಲದೆ ಚದುರಿಹೋಗುತ್ತವೆ, ಹೆಚ್ಚಿನವು ಮುಂಗುಸಿ, ಹದ್ದು, ನವಿಲುಗಳ ಪಾಲಾಗುತ್ತವೆ. ಅಲ್ಲಿಯವರೆಗೆ ತೋಟಕ್ಕೆ ಬೇಕಾದ ಗೊಬ್ಬರವನ್ನು ಗುಂಡಿಯ ಇನ್ನೊಂದು ಬದಿಯಿಂದ ತೆಗೆಯಬಹುದು.